ಕರ್ನಾಟಕದ ಶಾಲೆಗಳಲ್ಲಿ ಕಲಿಕಾ ಮೌಲ್ಯಮಾಪನ

ಕಲಿಕಾ ಮೌಲ್ಯಮಾಪನವೆಂದರೆ ವಿದ್ಯಾರ್ಥಿಯು ಏನನ್ನು, ಎಷ್ಟರ ಮಟ್ಟಿಗೆ ಕಲಿತಿದ್ದಾನೆ ಎಂಬುದಕ್ಕೆ ಪುರಾವೆಗಳನ್ನು ಸಂಗ್ರಹಿಸಿ, ಅವುಗಳ ಆಧಾರದ ಮೇಲೆ ತೀರ್ಮಾನಕ್ಕೆ ಬರುವ ಪ್ರಕ್ರಿಯೆ. ಬರಹದ ಪರೀಕ್ಷೆಯು ಇದರ ಅತ್ಯಂತ ಪರಿಚಿತ ರೂಪವಾದರೂ ಅದೊಂದೇ ರೂಪವಲ್ಲ. ತರಗತಿಯಲ್ಲಿ ಕೇಳುವ ಪ್ರಶ್ನೆ, ಮಗುವಿನ ಓದನ್ನು ಆಲಿಸುವುದು, ಯೋಜನಾ ಕಾರ್ಯ, ಮಾದರಿ ಸಮೀಕ್ಷೆ ಇವೆಲ್ಲವೂ ಮೌಲ್ಯಮಾಪನದ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ಈ ಕಾರ್ಯವು ಮೂರು ಸ್ತರಗಳಲ್ಲಿ ನಡೆಯುತ್ತದೆ: ಶಿಕ್ಷಕರು ತರಗತಿಯಲ್ಲಿ ನಡೆಸುವ ನಿರಂತರ ಮೌಲ್ಯಮಾಪನ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುವ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳು, ಹಾಗೂ ಶಿಕ್ಷಣ ವ್ಯವಸ್ಥೆಯ ಒಟ್ಟಾರೆ ಸ್ಥಿತಿಯನ್ನು ತಿಳಿಯಲು ನಡೆಸುವ ಸಾಧನಾ ಸಮೀಕ್ಷೆಗಳು. ಈ ಮೂರರ ಉದ್ದೇಶಗಳು ಬೇರೆ ಬೇರೆ. ಒಂದರ ಅಂಕವನ್ನು ಮತ್ತೊಂದರ ಕೆಲಸಕ್ಕೆ ಬಳಸಿದಾಗ ಉಂಟಾಗುವ ತೊಡಕುಗಳೇ ರಾಜ್ಯದಲ್ಲಿ ಪರೀಕ್ಷೆಗಳ ಕುರಿತು ನಡೆದಿರುವ ಬಹುತೇಕ ವಿವಾದಗಳ ಮೂಲದಲ್ಲಿವೆ.

ಪರಿಭಾಷೆ

ಕನ್ನಡದ ಶೈಕ್ಷಣಿಕ ಬರಹದಲ್ಲಿ ಪರೀಕ್ಷೆ, ಮಾಪನ, ಮೌಲ್ಯಾಂಕನ ಮತ್ತು ಮೌಲ್ಯಮಾಪನ ಎಂಬ ಪದಗಳು ಬಳಕೆಯಲ್ಲಿವೆ. ಮಾಪನವು ಕೇವಲ ಅಳತೆ: ನೂರಕ್ಕೆ ನಲವತ್ತೆರಡು ಎಂಬುದು ಮಾಪನ. ಆ ನಲವತ್ತೆರಡು ಸಾಕೇ, ಸಾಲದೇ, ಮುಂದೇನು ಮಾಡಬೇಕು ಎಂಬ ನಿರ್ಣಯ ಸೇರಿದಾಗ ಅದು ಮೌಲ್ಯಮಾಪನವಾಗುತ್ತದೆ. ಮೌಲ್ಯಾಂಕನ ಎಂಬ ಪದವನ್ನು ಇತ್ತೀಚಿನ ಇಲಾಖಾ ಸುತ್ತೋಲೆಗಳು ಹೆಚ್ಚಾಗಿ ಬಳಸುತ್ತಿದ್ದು, 'ಪರೀಕ್ಷೆ' ಎಂಬ ಪದಕ್ಕೆ ಅಂಟಿಕೊಂಡಿರುವ ಭಯವನ್ನು ದೂರವಿಡುವ ಪ್ರಯತ್ನವೂ ಅದರಲ್ಲಿ ಕಾಣುತ್ತದೆ.

ಮೌಲ್ಯಮಾಪನವನ್ನು ರೂಪಣಾತ್ಮಕ ಮತ್ತು ಸಂಕಲನಾತ್ಮಕ ಎಂದು ವಿಂಗಡಿಸುವ ಕ್ರಮವು 1967ರಲ್ಲಿ ಮೈಕೇಲ್ ಸ್ಕ್ರಿವೆನ್ ಅವರ ಬರಹದಿಂದ ಆರಂಭವಾಯಿತು. ಸ್ಕ್ರಿವೆನ್ ಅದನ್ನು ಪಠ್ಯಕ್ರಮಗಳ ಮೌಲ್ಯಮಾಪನಕ್ಕೆ ಬಳಸಿದ್ದರು. ಬೆಂಜಮಿನ್ ಬ್ಲೂಮ್ ಅದನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದಲು ನಡೆಸುವುದು ರೂಪಣಾತ್ಮಕ, ಕಲಿಕೆ ಮುಗಿದ ಮೇಲೆ ಮೊತ್ತ ಕಟ್ಟುವುದು ಸಂಕಲನಾತ್ಮಕ. 1998ರಲ್ಲಿ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಮ್ ಪ್ರಕಟಿಸಿದ ಸಂಶೋಧನಾ ಸಮೀಕ್ಷೆಯು ರೂಪಣಾತ್ಮಕ ಮೌಲ್ಯಮಾಪನದಿಂದ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ಬೆಂಬಲ ನೀಡಿತು. ಒಂದೇ ಪ್ರಶ್ನೆಪತ್ರಿಕೆ ಎರಡೂ ಆಗಬಹುದು. ಉತ್ತರಗಳನ್ನು ನೋಡಿದ ಬಳಿಕ ಬೋಧನೆ ಬದಲಾಗುತ್ತದೆಯೇ ಎಂಬುದೇ ವ್ಯತ್ಯಾಸ.

ಮೂರನೆಯ ಬಗೆ ನೈದಾನಿಕ ಪರೀಕ್ಷೆ. ಇದು ತಪ್ಪನ್ನು ಎಣಿಸುವುದಿಲ್ಲ, ತಪ್ಪಿನ ಕಾರಣವನ್ನು ಹುಡುಕುತ್ತದೆ. ಉದಾಹರಣೆಗೆ, 52ರಿಂದ 27ನ್ನು ಕಳೆದು 35 ಎಂದು ಬರೆಯುವ ಮಗುವಿಗೆ ವ್ಯವಕಲನ ಬರುವುದಿಲ್ಲವೆಂದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕೆಂಬ ತಪ್ಪು ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸುತ್ತಿದೆ. ಅಂತಹ ಮಗುವಿಗೆ ಸೊನ್ನೆ ಅಂಕ ನೀಡಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಹಾಗೆಯೇ 'ಅಕ್ಕ' ಎಂಬುದನ್ನು 'ಅಕ' ಎಂದು ಓದುವ ಮಗುವಿಗೆ ಮೂಲಾಕ್ಷರಗಳು ಬಂದಿವೆ, ಒತ್ತಕ್ಷರ ಬಂದಿಲ್ಲ. ಎರಡೂ ಬಾರದ ಮಗುವಿಗೂ ಇದಕ್ಕೂ ನೀಡಬೇಕಾದ ಪಾಠ ಬೇರೆ.

ಹಿನ್ನೆಲೆ

ಇಂದಿನ ಕರ್ನಾಟಕದ ಭಾಗಗಳು 1956ಕ್ಕೆ ಮುಂಚೆ ಬೇರೆ ಬೇರೆ ಆಡಳಿತಗಳಲ್ಲಿದ್ದುದರಿಂದ ಪರೀಕ್ಷಾ ಪದ್ಧತಿಗಳೂ ಭಿನ್ನವಾಗಿದ್ದವು. ವಿಜಯಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದು, ಅಲ್ಲಿನ ಕನ್ನಡ ಶಾಲೆಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ನಡೆಯುತ್ತಿತ್ತು. ಮುಲ್ಕಿ ಪಾಸಾದವರಿಗೆ ಪ್ರಾಥಮಿಕ ಶಾಲೆಯ ಮಾಸ್ತರಿಕೆ, ತಲಾಠಿಯಂತಹ ಹುದ್ದೆಗಳ ಬಾಗಿಲು ತೆರೆಯುತ್ತಿತ್ತು. ಮುಂದೆ ಇಂಗ್ಲಿಷ್ ಶಾಲೆ ಸೇರಿದವರು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕೂರುತ್ತಿದ್ದರು. ಹೀಗೆ ಆರಂಭದಿಂದಲೇ ಪರೀಕ್ಷೆಯು ಕಲಿಕೆಯ ಅಳತೆಗಿಂತ ಹೆಚ್ಚಾಗಿ ನೌಕರಿಯ ಜರಡಿಯಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರ ಓದನ್ನು ಹೇಳುವಾಗ 'ಮುಲ್ಕಿ ಪಾಸು' ಎಂಬ ಮಾತು ಬಹುಕಾಲ ಗೌರವಸೂಚಕವಾಗಿ ಉಳಿದದ್ದು ಇದರಿಂದಲೇ.

ಸರಕಾರದ ಅನುದಾನವನ್ನು ಮಕ್ಕಳ ಪರೀಕ್ಷಾ ಫಲಿತಾಂಶಕ್ಕೆ ಜೋಡಿಸುವ ಪದ್ಧತಿಯೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದಲ್ಲಿತ್ತು. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಸಂಹಿತೆಯಿಂದ ಬಂದ ಈ ಕ್ರಮದಲ್ಲಿ ಪರಿವೀಕ್ಷಕರು ಶಾಲೆಗೆ ಬಂದು ಮಕ್ಕಳ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸುತ್ತಿದ್ದರು. ಶಿಕ್ಷಕರು ಪರೀಕ್ಷೆಗೆ ಬರುವ ಪಾಠವನ್ನಷ್ಟೇ ಉರು ಹೊಡೆಸುತ್ತಾರೆ ಎಂಬ ಟೀಕೆ ಆಗಲೇ ಕೇಳಿಬಂದಿತ್ತು.

ಏಕೀಕರಣದ ನಂತರ ರಾಜ್ಯದಾದ್ಯಂತ ಎಸ್.ಎಸ್.ಎಲ್.ಸಿ. ಪರೀಕ್ಷೆ ಏಕರೂಪವಾಗಿ ಜಾರಿಗೆ ಬಂದು, ಅದನ್ನು ನಡೆಸಲು 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಯಿತು. ರಾಷ್ಟ್ರಮಟ್ಟದಲ್ಲಿ ಮುದಲಿಯಾರ್ ಆಯೋಗ (1952–53) ಮತ್ತು ಕೊಠಾರಿ ಆಯೋಗ (1964–66) ಎರಡೂ ಒಂದೇ ಬಾಹ್ಯ ಪರೀಕ್ಷೆಯ ಮೇಲಿನ ಅವಲಂಬನೆಯನ್ನು ತಗ್ಗಿಸಿ ಆಂತರಿಕ ಮೌಲ್ಯಮಾಪನಕ್ಕೆ ಸ್ಥಾನ ನೀಡಬೇಕೆಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪರಿಕಲ್ಪನೆಯನ್ನು ಮುಂದಿಟ್ಟಿತು. ಶಿಫಾರಸಿಗೂ ಕಾನೂನಿಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವು.

ನಲಿಕಲಿ: ಬೋಧನೆಯೊಳಗಿನ ಮೌಲ್ಯಮಾಪನ

ಮೌಲ್ಯಮಾಪನವನ್ನು ಬೋಧನೆಯಿಂದ ಬೇರ್ಪಡಿಸದೆ ನಡೆಸಿದ ರಾಜ್ಯದ ಪ್ರಮುಖ ಪ್ರಯೋಗ ನಲಿಕಲಿ. ಆಂಧ್ರಪ್ರದೇಶದ ಋಷಿವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. 2009–10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಣೆಯಾಯಿತು.

ನಲಿಕಲಿಯಲ್ಲಿ ಪಠ್ಯವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಕಲಿಕಾ ಏಣಿಯ ಮೇಲೆ ಮೈಲಿಗಲ್ಲುಗಳಾಗಿ ಜೋಡಿಸಲಾಗಿದೆ. ಪ್ರತಿ ಹೆಜ್ಜೆಗೂ ಒಂದು ಚಿತ್ರಸಂಕೇತ ಮತ್ತು ಒಂದು ಕಾರ್ಡ್ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ತಾನೇ ಗುರುತಿಸಿ, ಸಂಬಂಧಿಸಿದ ಕಾರ್ಡನ್ನು ತೆಗೆದುಕೊಂಡು ಗುಂಪಿನಲ್ಲಿ ಕೂರುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರಿಂದ ಹಿಡಿದು ಸ್ವಕಲಿಕೆಯವರವರೆಗೆ. ಮೈಲಿಗಲ್ಲಿನ ಕೊನೆಯಲ್ಲಿ ಬರುವ ಮೌಲ್ಯಮಾಪನ ಕಾರ್ಡನ್ನು ಮಗು ಪೂರೈಸಿದರೆ ಮುಂದಿನ ಮೆಟ್ಟಿಲು, ಇಲ್ಲದಿದ್ದರೆ ಅದೇ ಕಲಿಕಾಂಶದ ಪರಿಹಾರ ಚಟುವಟಿಕೆ. ಇಲ್ಲಿ ನಪಾಸು ಎಂಬುದಿಲ್ಲ. ಕಲಿಯದೆ ಮುಂದೆ ಹೋಗುವುದೂ ಇಲ್ಲ. ಹದಿನೈದು ದಿನ ಶಾಲೆಗೆ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವಲಸೆ ಹೋಗುವ ಕುಟುಂಬಗಳ ಮಕ್ಕಳಿರುವ ಶಾಲೆಗಳಿಗೆ ಈ ಗುಣ ವಿಶೇಷವಾಗಿ ಹೊಂದುತ್ತದೆ.

ಪದ್ಧತಿಯ ದೌರ್ಬಲ್ಯವೂ ಇದರ ಒಳಗೇ ಇದೆ. ಪ್ರತಿ ಮಗುವೂ ಏಣಿಯ ಎಲ್ಲಿದೆ ಎಂಬುದನ್ನು ಶಿಕ್ಷಕರು ದಿನವೂ ಗಮನಿಸಬೇಕು. ಒಬ್ಬರೇ ಶಿಕ್ಷಕರು ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವಲ್ಲಿ, ಕಾರ್ಡುಗಳು ಹರಿದು ಹೊಸವು ಬಾರದಿರುವಲ್ಲಿ, ಪ್ರಗತಿ ನೋಟದಲ್ಲಿ ಗುರುತು ಹಾಕುವುದು ಯಾಂತ್ರಿಕ ಕ್ರಿಯೆಯಾಗಿಬಿಡುತ್ತದೆ.

ಇದೇ ತತ್ತ್ವದ ಸರಳ ರೂಪವೆಂದರೆ ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧ. ಹಿಂದಿನ ತರಗತಿಯ ಕಲಿಕಾಂಶಗಳ ಮೇಲೆ ನೈದಾನಿಕ ಪರೀಕ್ಷೆ ನಡೆಸಿ, ಕೊರತೆ ಕಂಡಲ್ಲಿ ಪರಿಹಾರ ಬೋಧನೆ ಮಾಡಿ, ಕೊನೆಗೆ ಸಾಫಲ್ಯ ಪರೀಕ್ಷೆಯ ಮೂಲಕ ಸುಧಾರಣೆಯನ್ನು ನೋಡುವುದು ಇದರ ಕ್ರಮ. ಎರಡು ವರ್ಷ ಓದಲು ಬಾರದೆ ಉಳಿದ ಮಗುವಿಗೆ ಕೆಲವು ದಿನಗಳ ಸೇತುಬಂಧ ಸಾಲದು ಎಂಬುದು ಶಿಕ್ಷಕರೆಲ್ಲರಿಗೂ ತಿಳಿದ ಸಂಗತಿ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಇದರ 29ನೆಯ ಕಲಮು ಮಗುವಿನ ಅರಿವು ಮತ್ತು ಅದನ್ನು ಅನ್ವಯಿಸುವ ಸಾಮರ್ಥ್ಯದ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. 30ನೆಯ ಕಲಮು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಂಡಳಿ ಪರೀಕ್ಷೆಯನ್ನೂ ಕಡ್ಡಾಯಪಡಿಸುವಂತಿಲ್ಲ ಎಂದಿತು. 16ನೆಯ ಕಲಮು ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ನಿಷೇಧಿಸಿತು.

ರಾಜ್ಯದ ಶಾಲೆಗಳಲ್ಲಿ ಇದು ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ರೂಪ ಪಡೆಯಿತು. ಮೊದಲ ಸಂಕಲನಾತ್ಮಕ ಮೌಲ್ಯಮಾಪನ ದಸರಾ ರಜೆಯ ಆಸುಪಾಸಿನಲ್ಲಿ, ಎರಡನೆಯದು ವರ್ಷಾಂತ್ಯದಲ್ಲಿ. ಪಠ್ಯ ವಿಷಯಗಳ ಜೊತೆಗೆ ದೈಹಿಕ ಶಿಕ್ಷಣ, ಕಲೆ, ಮನೋಭಾವ, ಮೌಲ್ಯಗಳಿಗೂ ಶ್ರೇಣಿ ನೀಡುವುದರಿಂದ ಇದು 'ವ್ಯಾಪಕ'. 2014–15ರಿಂದ ಎಸ್.ಎಸ್.ಎಲ್.ಸಿ.ಯಲ್ಲಿಯೂ ಆಂತರಿಕ ಅಂಕಗಳು ಸೇರಿದವು. ಪ್ರಥಮ ಭಾಷೆಗೆ ಬರಹದ ಪರೀಕ್ಷೆಯ 100 ಮತ್ತು ಆಂತರಿಕ 25, ಉಳಿದ ಐದು ವಿಷಯಗಳಿಗೆ ತಲಾ 80 ಮತ್ತು 20, ಒಟ್ಟು 625 ಅಂಕ.

ಆಚರಣೆಯಲ್ಲಿ ಎರಡು ಸಂಗತಿಗಳು ಎದ್ದುಕಂಡವು. ಒಂದು, ರೂಪಣಾತ್ಮಕ ಮೌಲ್ಯಮಾಪನವೇ ಅಂಕಗಳಾಗಿ ಪರಿವರ್ತನೆಗೊಂಡು ದಾಖಲೆಯಾಗುವುದರಿಂದ ಅದು ನಾಲ್ಕು ಕಿರು ಪರೀಕ್ಷೆಗಳಾಗಿ ಬದಲಾಯಿತು. ಶಿಕ್ಷಕರು ಪ್ರತಿ ಮಗುವಿನ ಕಡತ, ಚಟುವಟಿಕೆಯ ದಾಖಲೆ, ಕ್ರೋಢೀಕೃತ ಅಂಕಪಟ್ಟಿ ಬರೆದು, ಬಳಿಕ ವಿದ್ಯಾರ್ಥಿ ಸಾಧನೆಯ ಜಾಡು ಹಿಡಿಯುವ ಗಣಕ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ನಮೂದಿಸಬೇಕು. ಬರೆಯುವ ಸಮಯ ಕಲಿಸುವ ಸಮಯವನ್ನು ತಿನ್ನುತ್ತದೆ ಎಂಬುದು ಶಿಕ್ಷಕರ ಬಹುಕಾಲದ ದೂರು. ಎರಡು, ಪ್ರೌಢಶಾಲೆಗಳಲ್ಲಿ ಆಂತರಿಕ ಅಂಕಗಳು ಬಹುತೇಕ ಎಲ್ಲರಿಗೂ ಗರಿಷ್ಠದ ಸಮೀಪವೇ ದೊರೆಯುವ ಪ್ರವೃತ್ತಿ ಇದೆ. ಶಿಕ್ಷಕರನ್ನು ಇದಕ್ಕಾಗಿ ಸುಲಭವಾಗಿ ದೂಷಿಸುವಂತಿಲ್ಲ. ಪಕ್ಕದ ಶಾಲೆ ಇಪ್ಪತ್ತಕ್ಕೆ ಹತ್ತೊಂಬತ್ತು ನೀಡುತ್ತಿರುವಾಗ ತನ್ನ ವಿದ್ಯಾರ್ಥಿಗೆ ಪ್ರಾಮಾಣಿಕವಾಗಿ ಹನ್ನೊಂದು ನೀಡುವ ಶಿಕ್ಷಕಿಯು ಆ ವಿದ್ಯಾರ್ಥಿಗೆ ನಷ್ಟ ಮಾಡಿದಂತಾಗುತ್ತದೆ.

2025–26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನವನ್ನು ಪರಿಚಯಿಸಲಾಯಿತು. ಪ್ರತಿ ಪಾಠದ ಕೊನೆಗೆ ಮಕ್ಕಳ ಕಲಿಕೆಯನ್ನು ಪರಿಶೀಲಿಸುವುದು ಇದರ ಆಶಯವಾಗಿದ್ದು, ಕೆಲಸದ ಹೊರೆಯ ಕುರಿತ ಹಳೆಯ ಆಕ್ಷೇಪಗಳೇ ಇದಕ್ಕೂ ಎದುರಾದವು.

ವ್ಯವಸ್ಥೆಯನ್ನು ಅಳೆಯುವ ಸಮೀಕ್ಷೆಗಳು

ಸಮೀಕ್ಷೆಗಳ ಉದ್ದೇಶ ಒಂದು ಮಗುವಿನ ಕುರಿತ ತೀರ್ಪಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ರಾಜ್ಯ ಸರ್ಕಾರ ಈಶಾನ್ಯ ಕರ್ನಾಟಕದಲ್ಲಿ 2002ರಿಂದ ಕೆಲವು ವರ್ಷ ನಡೆಸಿದ ಕಲಿಕಾ ಖಾತ್ರಿ ಕಾರ್ಯಕ್ರಮದಲ್ಲಿ ಶಾಲೆಗಳು ಸ್ವಇಚ್ಛೆಯಿಂದ ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳುತ್ತಿದ್ದವು. ದಾಖಲಾತಿ, ಹಾಜರಾತಿ ಮತ್ತು ಕಲಿಕೆಯಲ್ಲಿ ನಿಗದಿತ ಮಟ್ಟ ತಲುಪಿದ ಶಾಲೆಗೆ ಪುರಸ್ಕಾರ ದೊರೆಯುತ್ತಿತ್ತು. ಪ್ರಶ್ನೆಗಳು ಪಾಠದ ಸಾಲುಗಳನ್ನು ಕೇಳದೆ ಸಾಮರ್ಥ್ಯವನ್ನು ಕೇಳುತ್ತಿದ್ದವು. ಇದರ ಅನುಭವದ ಮೇಲೆ ರಾಜ್ಯವು ಶಾಲಾ ಗುಣಮಟ್ಟ ಮೌಲ್ಯಾಂಕನಕ್ಕೆಂದೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯವ್ಯಾಪಿ ಸಾಧನಾ ಸಮೀಕ್ಷೆಗಳನ್ನು ನಡೆಸಿತು.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆಯು 2017ರ ನವೆಂಬರ್ 13 ಮತ್ತು 2021ರ ನವೆಂಬರ್ 12ರಂದು ನಡೆಯಿತು. 2024ರ ಡಿಸೆಂಬರ್ 4ರಂದು ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ಎಂಬ ಹೆಸರಿನಲ್ಲಿ ಮೂರು, ಆರು ಮತ್ತು ಒಂಬತ್ತನೆಯ ತರಗತಿಗಳಿಗೆ ನಡೆಯಿತು. ಇವು ಶಾಲೆಯಲ್ಲಿ ನಡೆಯುವ ಬರಹದ ಸಮೀಕ್ಷೆಗಳು. ಪ್ರಥಮ್ ಸಂಸ್ಥೆಯು 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಕ್ರಮ ಬೇರೆ: ಸ್ವಯಂಸೇವಕರು ಗ್ರಾಮೀಣ ಮನೆಗಳಿಗೆ ಹೋಗಿ ಮಗುವನ್ನು ಎದುರು ಕೂರಿಸಿಕೊಂಡು ಅಕ್ಷರ, ಪದ, ಸರಳ ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಕಥೆ ಹೀಗೆ ಓದಿಸುತ್ತಾರೆ. ಶಾಲೆಗೆ ಅಂದು ಬಾರದ ಮಗುವೂ ಇದರಲ್ಲಿ ಸಿಗುತ್ತದೆ. ಬರಹದ ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಓದಲಾರದ ಮಗು ಎಲ್ಲ ವಿಷಯಗಳಲ್ಲೂ ಬಾರದವನಂತೆ ಕಾಣುತ್ತದೆ. ಎದುರು ಕೂರಿಸಿ ಓದಿಸಿದಾಗ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಕೋವಿಡ್ ಅವಧಿಯ ಶಾಲಾ ಮುಚ್ಚುಗಡೆಯ ನಂತರ ರಾಜ್ಯದ ಮಕ್ಕಳ ಓದಿನ ಮಟ್ಟ ಕುಸಿದಿರುವುದನ್ನು 2022ರ ಅಸರ್ ವರದಿ ತೋರಿಸಿತು. ಅದಕ್ಕೆ ಪ್ರತಿಯಾಗಿ ಇಲಾಖೆಯು 2022–23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನು ಜಾರಿಗೊಳಿಸಿತ್ತು. ಅದರಲ್ಲಿ ಪಠ್ಯಪುಸ್ತಕಕ್ಕಿಂತ ಕಲಿಕಾ ಹಾಳೆಗಳಿಗೂ ಕಲಿಕಾ ಫಲಗಳಿಗೂ ಪ್ರಾಧಾನ್ಯವಿತ್ತು.

ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ವಿವಾದ

2019ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾಗಿ, ಐದು ಮತ್ತು ಎಂಟನೆಯ ತರಗತಿಗಳ ಕೊನೆಗೆ ಕ್ರಮಬದ್ಧ ಪರೀಕ್ಷೆ ನಡೆಸಲು ಅವಕಾಶ ದೊರೆಯಿತು. ಕರ್ನಾಟಕ ಸರ್ಕಾರವು 2022–23ರಲ್ಲಿ ಈ ಎರಡು ತರಗತಿಗಳಿಗೆ ಮಂಡಲಿಯ ಪ್ರಶ್ನೆಪತ್ರಿಕೆಯ ಮೂಲಕ ಮೌಲ್ಯಾಂಕನ ನಡೆಸಲು ಮುಂದಾಯಿತು. ಯಾವ ಮಗುವನ್ನೂ ಅನುತ್ತೀರ್ಣಗೊಳಿಸುವುದಿಲ್ಲ, ಕಲಿಕೆಯ ಕೊರತೆ ತಿಳಿಯುವುದಷ್ಟೇ ಉದ್ದೇಶ ಎಂಬುದು ಸರ್ಕಾರದ ನಿಲುವಾಗಿತ್ತು. ಖಾಸಗಿ ಶಾಲಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದುಪಡಿಸಿತು. ಮಾರ್ಚ್ 15ರಂದು ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ನೀಡಿತು. ಮಾರ್ಚ್ 27ರಿಂದ ಪರೀಕ್ಷೆಗಳು ನಡೆದವು.

ಮರುವರ್ಷ ಇದೇ ಕಥೆ ಇನ್ನಷ್ಟು ಬಿಗಡಾಯಿಸಿತು. ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ಮಂಡಲಿ ಪರೀಕ್ಷೆ ಪ್ರಕಟವಾಗಿ, 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅದನ್ನು ರದ್ದುಗೊಳಿಸಿತು. ಮರುದಿನ ವಿಭಾಗೀಯ ಪೀಠ ತಡೆ ನೀಡಿತು. ಮಾರ್ಚ್ 11ರಂದು ಮಕ್ಕಳು ಪರೀಕ್ಷೆ ಬರೆಯತೊಡಗಿದರು. ಮಾರ್ಚ್ 12ರಂದು ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ಮಧ್ಯಂತರ ಆದೇಶವನ್ನು ತೆಗೆದುಹಾಕಿದ್ದರಿಂದ ಪರೀಕ್ಷೆ ನಡುವೆಯೇ ನಿಂತಿತು. ಮಾರ್ಚ್ 22ರಂದು ವಿಭಾಗೀಯ ಪೀಠ ಸರ್ಕಾರದ ಪರವಾಗಿ ತೀರ್ಪಿತ್ತ ಮೇಲೆ ಉಳಿದ ವಿಷಯಗಳು 25ರಿಂದ ಮುಂದುವರಿದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಗಳಿಗೆ ತಡೆ ನೀಡಿತು. ಹತ್ತು ವರ್ಷದ ಮಗುವೊಂದು ಅರ್ಧ ಪರೀಕ್ಷೆ ಬರೆದು, ಎರಡು ವಾರ ಕಾದು, ಉಳಿದರ್ಧ ಬರೆದು, ಫಲಿತಾಂಶವನ್ನು ನೋಡದೆ ಉಳಿಯಿತು.

ನ್ಯಾಯಾಲಯದಲ್ಲಿ ವಾದವು ಮುಖ್ಯವಾಗಿ ಕಾನೂನಿನ ವಿಧಾನದ ಸುತ್ತ ಇತ್ತು. ಶೈಕ್ಷಣಿಕ ಪ್ರಶ್ನೆ ಇನ್ನೂ ತೆರೆದೇ ಇದೆ. ಕಲಿಕೆಯ ಕೊರತೆಯನ್ನು ತಿಳಿಯುವುದೇ ಗುರಿಯಾದರೆ ವರ್ಷದ ಕೊನೆಯ ಪರೀಕ್ಷೆಯು ತಡವಾದ ಸಾಧನ: ಉತ್ತರಪತ್ರಿಕೆ ತಿದ್ದುವ ವೇಳೆಗೆ ಮಗು ಬೇಸಗೆ ರಜೆಯಲ್ಲಿರುತ್ತದೆ. ಇನ್ನೊಂದೆಡೆ, ಎಂಟು ವರ್ಷ ಯಾರೂ ಹೊರಗಿನಿಂದ ನೋಡದೆ ಹೋದರೆ ಓದಲು ಬಾರದ ಮಗು ನೇರವಾಗಿ ಹತ್ತನೆಯ ತರಗತಿಗೆ ಬಂದು ನಿಲ್ಲುತ್ತದೆ ಎಂಬ ಪ್ರೌಢಶಾಲಾ ಶಿಕ್ಷಕರ ಮಾತಿನಲ್ಲಿಯೂ ಸತ್ಯವಿದೆ.

ಎಸ್.ಎಸ್.ಎಲ್.ಸಿ. ಫಲಿತಾಂಶದ ಏರಿಳಿತ

ಕೋವಿಡ್ ಕಾಲದ 2021ರ ಜುಲೈ 19 ಮತ್ತು 22ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯು ಬಹುಆಯ್ಕೆ ಪ್ರಶ್ನೆಗಳ ಮೂಲಕ ಎರಡೇ ದಿನಗಳಲ್ಲಿ ಮುಗಿಯಿತು. ದಿನಕ್ಕೆ ಮೂರು ವಿಷಯ. ಉತ್ತೀರ್ಣರ ಪ್ರಮಾಣ ಶೇ. 99.99. 2022ರಲ್ಲಿ ಶೇ. 85.63, 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು: ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಮತ್ತು ಪರೀಕ್ಷಾ ಕೊಠಡಿಗಳ ವೆಬ್‌ಕಾಸ್ಟಿಂಗ್. ಕ್ಯಾಮೆರಾಗಳ ನೇರ ನಿಗಾದಲ್ಲಿ ನಡೆದ ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ನಿಂತಿತು. ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ. 62.34.

ನಾಲ್ಕು ವರ್ಷಗಳಲ್ಲಿ ಮಕ್ಕಳ ಕಲಿಕೆ ಇಷ್ಟು ಕುಸಿಯಿತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಬದಲಾದದ್ದು ಮುಖ್ಯವಾಗಿ ಅಳತೆಗೋಲು: ಪ್ರಶ್ನೆಯ ಸ್ವರೂಪ, ಕೃಪಾಂಕ, ನಿಗಾ. ಹಾಗಾಗಿ ಈ ವರ್ಷಗಳ ಶೇಕಡಾವಾರುಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವುದು ಶಾಸ್ತ್ರೀಯವಾಗಿ ಸರಿಯಲ್ಲವಾದರೂ, ಜಿಲ್ಲೆಗಳ ಸ್ಥಾನಪಟ್ಟಿಯ ಮೂಲಕ ಪ್ರತಿವರ್ಷ ನಡೆಯುವುದು ಅದೇ.

ವಿಜಯಪುರ ಜಿಲ್ಲೆಯ ಸಂದರ್ಭ

2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ ಶೇ. 42.43ರೊಂದಿಗೆ ಕೊನೆಯಲ್ಲಿತ್ತು. ಅದಕ್ಕಿಂತ ತುಸು ಮೇಲೆ ವಿಜಯಪುರ, ಶೇ. 49.58. ಪರೀಕ್ಷೆ ಬರೆದ ಇಬ್ಬರಲ್ಲಿ ಒಬ್ಬರು ತೇರ್ಗಡೆಯಾಗಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಮೌಲ್ಯಮಾಪನವು ಎದುರಿಸುವ ಮೊದಲ ಪ್ರಶ್ನೆ ಹಾಜರಾತಿಯದು. ಮಳೆಯಾಶ್ರಿತ ಬೇಸಾಯದ ಊರುಗಳಿಂದ, ವಿಶೇಷವಾಗಿ ತಾಂಡಾಗಳಿಂದ, ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕಟ್ಟಡ ಕೆಲಸಕ್ಕೆ ಗೋವಾಕ್ಕೂ ಗುಳೆ ಹೋಗುತ್ತವೆ. ಅಂತಹ ಮನೆಯ ಮಗು ಮೊದಲ ಸಂಕಲನಾತ್ಮಕ ಮೌಲ್ಯಮಾಪನಕ್ಕೆ ಹಾಜರಿದ್ದು, ಮೂರು ಮತ್ತು ನಾಲ್ಕನೆಯ ರೂಪಣಾತ್ಮಕಗಳಿಗೆ ಗೈರಾಗಿರುತ್ತದೆ. ಅಂಕಪಟ್ಟಿಯ ಆ ಎರಡು ಅಂಕಣಗಳನ್ನು ಖಾಲಿ ಬಿಡುವಂತಿಲ್ಲ. ತುಂಬಿದರೆ ಅದು ಮೌಲ್ಯಮಾಪನವಾಗುವುದಿಲ್ಲ. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಕ್ಕಳಿಗಾಗಿ ನಡೆಸುವ ಋತುಮಾನ ವಸತಿ ನಿಲಯಗಳು ಈ ಕಾರಣಕ್ಕೆ ಕಲಿಕೆಯಷ್ಟೇ ಅದರ ಅಳತೆಗೂ ಮುಖ್ಯವಾಗಿವೆ. ಆಲಮಟ್ಟಿ ಜಲಾಶಯದ ನೀರನ್ನು ಎತ್ತುವ ಮುಳವಾಡ ಏತ ನೀರಾವರಿ ಯೋಜನೆಯು ಇದೇ ತಾಲ್ಲೂಕುಗಳ ಜಮೀನುಗಳಿಗೆ ನೀರುಣಿಸುವ ಉದ್ದೇಶ ಹೊಂದಿದೆ. ವರ್ಷವಿಡೀ ಹೊಲದಲ್ಲಿ ಕೆಲಸ ದೊರೆತರೆ ಶಾಲೆಯ ಹಾಜರಿ ಪುಸ್ತಕವೂ ಬದಲಾಗುತ್ತದೆ. ಶೈಕ್ಷಣಿಕ ಸಮಸ್ಯೆಗೆ ಕೆಲವೊಮ್ಮೆ ಉತ್ತರ ನೀರಾವರಿ ಇಲಾಖೆಯಲ್ಲಿರುತ್ತದೆ.

ಎರಡನೆಯ ಪ್ರಶ್ನೆ ಭಾಷೆಯದು. ತಾಂಡಾದ ಮಗುವಿನ ಮನೆಮಾತು ಗೋರ್ ಬೋಲಿ. ಮಹಾರಾಷ್ಟ್ರದ ಗಡಿಗೆ ಅಂಟಿದ ಇಂಡಿ ಭಾಗದ ಕೆಲವು ಮನೆಗಳಲ್ಲಿ ಮರಾಠಿ, ಪಟ್ಟಣಗಳ ಅನೇಕ ಮನೆಗಳಲ್ಲಿ ಉರ್ದು. ಕನ್ನಡವೇ ಮನೆಮಾತಾದ ಮಗುವೂ 'ಹೋಗ್ಯಾನ', 'ಬಂದೈತಿ' ಎನ್ನುತ್ತದೆ. ಪಠ್ಯಪುಸ್ತಕ 'ಹೋಗಿದ್ದಾನೆ', 'ಬಂದಿದೆ' ಎನ್ನುತ್ತದೆ. ಪರಿಸರ ಅಧ್ಯಯನದ ಪ್ರಶ್ನೆಗೆ ಮಗು ತನ್ನ ಮಾತಿನಲ್ಲಿ ಸರಿಯಾದ ಉತ್ತರ ಬರೆದಾಗ ಅಂಕ ಕಳೆದರೆ, ಅಳೆದದ್ದು ಪರಿಸರದ ಅರಿವನ್ನಲ್ಲ, ಶಿಷ್ಟ ಕನ್ನಡವನ್ನು. ಮೌಖಿಕ ಮೌಲ್ಯಮಾಪನಕ್ಕೆ ನಲಿಕಲಿಯಲ್ಲಿರುವ ಅವಕಾಶವು ಮೇಲಿನ ತರಗತಿಗಳಲ್ಲಿ ಇಲ್ಲವಾಗುವುದರಿಂದ ಈ ತೊಡಕು ನಾಲ್ಕನೆಯ ತರಗತಿಯಿಂದಾಚೆ ತೀವ್ರವಾಗುತ್ತದೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಪರೀಕ್ಷೆಗೆ ಭಾರಿ ಬೇಡಿಕೆಯಿದೆ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ, ಆಲಮಟ್ಟಿಯ ಜವಾಹರ ನವೋದಯ ವಿದ್ಯಾಲಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗಳಿಗೆ ನಾಲ್ಕು, ಐದನೆಯ ತರಗತಿಯಿಂದಲೇ ತರಬೇತಿ ನಡೆಯುತ್ತದೆ. ಆಯ್ಕೆ ಪರೀಕ್ಷೆಯ ಕೆಲಸ ಸೀಟುಗಳಿಗೆ ತಕ್ಕಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದೇ ಹೊರತು ಆಯ್ಕೆಯಾಗದವರು ಏನು ಕಲಿತಿದ್ದಾರೆಂದು ಹೇಳುವುದಲ್ಲ. ಆದರೂ ಊರಿನಲ್ಲಿ ಶಾಲೆಯ ಹೆಸರು ನಿಲ್ಲುವುದು ಬಹುಪಾಲು ಎಷ್ಟು ಮಕ್ಕಳು 'ನವೋದಯಕ್ಕೆ ಪಾಸಾದರು' ಎಂಬ ಲೆಕ್ಕದ ಮೇಲೆ.

ಇತ್ತೀಚಿನ ಬದಲಾವಣೆಗಳು

2022ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ಪದವಿಪೂರ್ವ ಪರೀಕ್ಷಾ ವಿಭಾಗದೊಂದಿಗೆ ವಿಲೀನಗೊಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಾಯಿತು. ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿಯಲ್ಲಿ ವಿದ್ಯಾರ್ಥಿಯು ಒಂದೇ ವರ್ಷದಲ್ಲಿ ಮತ್ತೆ ಬರೆದು, ಪಡೆದ ಅಂಕಗಳಲ್ಲಿ ಉತ್ತಮವಾದುದನ್ನು ಉಳಿಸಿಕೊಳ್ಳಬಹುದು. ಉತ್ತರಪತ್ರಿಕೆಯ ಪ್ರತಿಯನ್ನು ಪಡೆದು ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸುವ ಅವಕಾಶವೂ ಇದೆ.

ದೀರ್ಘಕಾಲದಿಂದ ಪ್ರತಿ ವಿಷಯಕ್ಕೆ ಶೇ. 35 ಇದ್ದ ಉತ್ತೀರ್ಣತೆಯ ಮಟ್ಟವನ್ನು 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಸಡಿಲಿಸಿತು. 2025–26ನೆಯ ಸಾಲಿನಿಂದ ಆಂತರಿಕ ಮತ್ತು ಬಾಹ್ಯ ಅಂಕಗಳೆರಡೂ ಸೇರಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಹಾಗೂ ಒಟ್ಟಾರೆ ಶೇ. 33, ಅಂದರೆ 625ಕ್ಕೆ 206 ಅಂಕ ಗಳಿಸಿದವರು ಉತ್ತೀರ್ಣರು. ಆಂತರಿಕ ಅಂಕ ಪೂರ್ಣ ದೊರೆತ ವಿದ್ಯಾರ್ಥಿಗೆ ಭಾಷೇತರ ವಿಷಯವೊಂದರ ಶೇ. 30 ತಲುಪಲು ಬರಹದ ಪರೀಕ್ಷೆಯ 80ರಲ್ಲಿ 10 ಅಂಕ ಸಾಕಾಗುತ್ತದೆ.